ಸ್ಕೂಟರ್ ಯಾರದ್ದು ಎಂದು ಕೇಳಿದವನು

ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾನು ಬಂಟ್ವಾಳದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ, ಮೇಜಿನ ಎಡಬದಿಗೆ ನಿಂತಿದ್ದೆ. ನನ್ನ ಮುಂದಿದ್ದ ಯುವಕ ಸ್ಕೂಲಿನ ಯಜಮಾನರಾದ ವಾಮನಣ್ಣನಿಗೆ ಸ್ಕೂಟರೊಂದರ ನಂಬರ್ ಹೇಳಿದ.

"ಇದು ಯಾರದ್ದು ಅಂತ ಸ್ವಲ್ಪ ನೋಡಿ ಹೇಳಿ ಅಣ್ಣಾ. ಒಂದು ಪರಿಚಯ ಆಗಬೇಕಿತ್ತು."

"ಓ, ಈ ಸ್ಕೂಟರ್ ನನಗೆ ಗೊತ್ತುಂಟು. ಆ ಹುಡುಗಿ ನಮ್ಮಲ್ಲೇ ಲೈಸೆನ್ಸ್ ಮಾಡಿಸಿದ್ದು ಮಾರಾಯ."

ಯಾರ ಮನೆ ಕೇಳಿದರೂ ಗೇಟಿನವರೆಗೆ ದಾರಿ ಹೇಳುವುದು ನಮ್ಮ ಕಡೆಯ ಮರ್ಯಾದೆ. ವಾಮನಣ್ಣ ಕಂಪ್ಯೂಟರಿನಲ್ಲಿ ಅವಳ ಲೈಸೆನ್ಸಿನ ವಿವರ ತೆರೆದು ಹೆಸರು, ವಯಸ್ಸು ಓದಿದರು. "ಮನೆ ಎಲ್ಲಿ ಅಂತ ನೋಡುವ..."

ನನ್ನ ಹಿಂದಿನ ಬೆಂಚಿನಲ್ಲಿ, ವಾಮನಣ್ಣನಿಗೆ ಕಾಣದಂತೆ ಕುಳಿತಿದ್ದ ಹುಡುಗಿ ಎದ್ದು ನಿಂತಳು.

"ರಕ್ತದ ಗುಂಪೂ ಉಂಟು ವಾಮನಣ್ಣ, ಅದನ್ನೂ ಓದಿ." ಮತ್ತೆ ಯುವಕನ ಕಡೆ ತಿರುಗಿದಳು. "ಹೆಲ್ಮೆಟ್ ಇಲ್ಲದೆ ಗುರುತು ಸಿಗಲಿಲ್ಲ ಅಲ್ವಾ? ದಿನಾ ಕಾಲೇಜಿನಿಂದ ನನ್ನ ಹಿಂದೆಯೇ ಬರ್ತೀರಿ. ನಿಮಗೆ ಮನೆ ಗೊತ್ತಾಗಬಾರದು ಅಂತ ನಾನು ಊರೆಲ್ಲ ಸುತ್ತಿ ಹೋಗ್ತೇನೆ."

ಧ್ವನಿ ಏರಿಸಲೇ ಇಲ್ಲ. ಯುವಕ ಬೈಕಿನ ಕೀಯನ್ನು ಮೇಜಿನ ಮೇಲೆಯೇ ಮರೆತು ಹೊರಟ, ಅದಕ್ಕಾಗಿ ಮತ್ತೆ ಒಳಗೆ ಬರಬೇಕಾಯಿತು. ವಾಮನಣ್ಣ ಪರದೆ ಆರಿಸಿ, "ತಪ್ಪಾಯ್ತು ಮಗಾ" ಎಂದರು.

ಅವಳು ಅಂದು ಅಲ್ಲಿ ಇಲ್ಲದಿದ್ದರೆ ಅವನು ವಿಳಾಸ ತಿಳಿದುಕೊಂಡೇ ಹೋಗುತ್ತಿದ್ದ. ಇದನ್ನು ಕಂಡ ಇನ್ನೊಬ್ಬರು ಲೈಸೆನ್ಸ್ ನವೀಕರಣಕ್ಕೆ ಬಂದಿದ್ದ ಹಸನಬ್ಬ. ಗಟ್ಟಿಮುಟ್ಟಾಗಿದ್ದಾರೆ, ನಂಬದಿದ್ದರೆ ಸಿಕ್ಕಿದಾಗ ಅವರನ್ನೇ ಕೇಳಿ. ಅವರ ಮನೆ ಎಲ್ಲಿ ಎಂದು ಮಾತ್ರ ನಾನು ಹೇಳುವುದಿಲ್ಲ.