ನೆಲ್ಲಿಪುಡಿ ಚೆಲ್ಲಿದ ಕಾಕಾ

ಅವರ ಎಡಗಿವಿಯಿಂದ ಒಂದು ಕುಚ್ಚು ಬಿಳಿಕೂದಲು ಹೊರಗೆ ಚಾಚಿಕೊಂಡಿರುತ್ತಿತ್ತು. ಮಾತು ಕೇಳುವಾಗ ಅದನ್ನು ಎರಡು ಬೆರಳಲ್ಲಿ ಹಿಡಿದು ಹೊಸೆಯುವರು. ಎದುರಿನವರು ಹೇಳುತ್ತಿರುವುದು ಮೂರ್ಖತನವೆಂದು ಕಂಡರೆ ಹೊಸೆಯುವ ವೇಗ ಹೆಚ್ಚುತ್ತಿತ್ತು. ನಾನು ಬಾಯಿ ತೆರೆದಾಗಲೆಲ್ಲ ಹೆಚ್ಚುತ್ತಿತ್ತು.

ನವಿ ಮುಂಬಯಿಯ ಕೋಪರಖೈರಣೆಯ ನಮ್ಮ ಕಟ್ಟಡದಲ್ಲಿ ಅವರದು ನಮ್ಮ ಮನೆಯ ಸರೀ ಮೇಲಿನ ಮನೆ. ಧಾರವಾಡದ ಕಡೆಯವರು, ಒಬ್ಬರೇ ಇದ್ದರು. ಕಟ್ಟಡಕ್ಕೆಲ್ಲ ಅವರು ಕಾಕಾ; ಅವರಿಗೆ ನಾನು ವೈನಿ, ಅಂದರೆ ಅತ್ತಿಗೆ. ಯಾವುದೋ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಜೀವಕೋಶಗಳ ಮೇಲೆ ವಿಕಿರಣ ಬಿಟ್ಟು, ಎಷ್ಟು ಸತ್ತವು ಎಷ್ಟು ಉಳಿದವು ಎಂದು ಎಣಿಸಿ ನಿವೃತ್ತರಾದವರು. ನಾವು ತರಿಸುವ ಕನ್ನಡ ಪೇಪರನ್ನು ನಮಗಿಂತ ಮೊದಲು ಓದುವುದು ಅವರ ಹಕ್ಕು. ಬೆಳಿಗ್ಗೆ ಏಳೂವರೆಗೆ ಕೆಂಪು ಪೆನ್ನು ಹಿಡಿದೇ ಬರುವರು. ಅವರು ಓದಿ ಮುಗಿಸಿದ ಪೇಪರು ನಪಾಸಾದ ಹುಡುಗನ ಉತ್ತರಪತ್ರಿಕೆಯ ಹಾಗೆ ಕಾಣುತ್ತಿತ್ತು. ಕೊಟ್ಟ ಚಹಾ ಕುಡಿದು, "ನಿನ್ನೆ ಸಕ್ರಿ ಹಾಕೋದು ಮರತಿದ್ರಿ, ಇವತ್ತ ಚಹಾಪುಡಿನೂ ಮರತೀರಿ" ಎನ್ನುವರು. ಪತ್ರೊಡೆ ಹಾಕಿ ಕೊಟ್ಟ ಸ್ಟೀಲ್ ಡಬ್ಬಿ ಹಿಂದೆ ಬರುವಾಗ ತೊಳೆಯದೇ ಬರುತ್ತಿತ್ತು.

ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಎನ್ನುತ್ತಾರೆ. ಬದುಕಿದ್ದಾಗ ಅವರ ಎದುರಿಗೇ ಹೇಳಿದ್ದೇನೆ, ಹಾಗಾಗಿ ಬರೆಯುತ್ತೇನೆ.

ಒಮ್ಮೆ ಪಕ್ಕದ ಕಟ್ಟಡದ ತಾರಸಿಯಲ್ಲಿ ಮೊಬೈಲ್ ಟವರ್ ಬರುತ್ತದೆಂದು ನಾವು ಹೆಂಗಸರೆಲ್ಲ ಸೇರಿ ಸೊಸೈಟಿ ಮೀಟಿಂಗಿನಲ್ಲಿ ತಕರಾರು ತೆಗೆದೆವು. ಎಲ್ಲರ ಪರವಾಗಿ ಮಾತಾಡಲು ಎದ್ದವಳು ನಾನೇ. ಅರ್ಧಕ್ಕೆ ಬಂದಿರಬೇಕು, ಹಿಂದಿನ ಕುರ್ಚಿಯಿಂದ ಕಾಕಾ ನಕ್ಕರು.

"ವೈನಿ, ಆ ಟವರಿನ ಅಲೆಗೆ ನಿಮ್ಮ ಮೈಯಾಗಿನ ಒಂದು ಅಣುವಿನ ಕೊಂಡಿ ಕಡಿಯೂ ತ್ರಾಣ ಇಲ್ಲ. ಹಪ್ಪಳ ಒಣಗಿಸ್ಲಿಕ್ಕೆ ತಾರಸಿ ಮ್ಯಾಲೆ ನಿಲ್ತೀರಲ್ಲ, ಆ ಬಿಸಲಿಗೆ ಅದ. ಅಂಜೋದಿದ್ರ ಹಪ್ಪಳಕ್ಕ ಅಂಜ್ರಿ!"

ಎಲ್ಲರೂ ನಕ್ಕರು. ಆಮೇಲೆ ನಾಲ್ಕು ತಿಂಗಳು ಕಟ್ಟಡದವರು ನನ್ನನ್ನು ಹಪ್ಪಳದ ಆಂಟಿ ಎಂದು ಕರೆದರು.

ಇಂಥವರ ಹತ್ತಿರ ಕೆಲಸ ಬೀಳುವ ಕಾಲ ಬಂತು. ನನ್ನ ಗಂಡನಿಗೆ ತಲೆಬುರುಡೆಯ ಬುಡದಲ್ಲಿ, ಬೆನ್ನುಹುರಿ ಶುರುವಾಗುವಲ್ಲಿ ಗಡ್ಡೆ. ಕತ್ತರಿಸಿ ತೆಗೆಯುವಷ್ಟು ತೆಗೆದರು. ಉಳಿದದ್ದಕ್ಕೆ ಪ್ರೋಟಾನ್ ಚಿಕಿತ್ಸೆ ಎಂದರು. ವಾರಕ್ಕೆ ಐದು ದಿನ ಮುಖಕ್ಕೆ ಬಲೆಯಂಥ ಮುಸುಕು ಬಿಗಿದು, ಅಲುಗದಂತೆ ಮಲಗಿಸಿ, ಕಿರಣ ಬಿಡುವುದು. ಮನೆಗೆ ಬರುವಾಗಲೂ ಕೆನ್ನೆಯ ಮೇಲೆ ಬಲೆಯ ಗುರುತು ಇರುತ್ತಿತ್ತು.

"ಕಾಕಾ, ನನ್ನ ಮುಖ ಹಲಸಿನಹಣ್ಣಿನ ಹಾಗೆ ಕಾಣ್ತದಾ?" ಎಂದು ಇವರು ಒಮ್ಮೆ ತಮಾಷೆ ಮಾಡಿದರು.

"ಛೇ, ಹಲಸಿನಹಣ್ಣಿನೊಳಗ ಏನಾರ ಇರ್ತದ."

ಇವರು ಹೊಟ್ಟೆ ಹಿಡಿದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಅದೇ ಹೊತ್ತಿಗೆ ಡೊಂಬಿವಲಿಯಿಂದ ಇವರ ಅಕ್ಕ ಬಂದರು. ಒಳ್ಳೆಯ ಜೀವ. ತಮ್ಮನ ಮುಖ ನೋಡಿ ಅತ್ತು, ಚೀಲದಿಂದ ದೊಡ್ಡ ಬಾಟಲಿ ತೆಗೆದರು. ನೆಲ್ಲಿಕಾಯಿ ಒಣಗಿಸಿ, ಅರಶಿನ, ಕಾಳುಮೆಣಸು ಸೇರಿಸಿ ಕುಟ್ಟಿದ ಪುಡಿ. ಜೊತೆಗೆ ಮೆಡಿಕಲಿನಿಂದ ತಂದ ವಿಟಮಿನ್ ಮಾತ್ರೆ.

"ಕಿರಣದಿಂದ ಮೈ ಸುಟ್ಟುಹೋಗ್ತದೆ ಮಾರಾಯ್ತಿ. ಇದು ತಡೀತದೆ. ದಿನಕ್ಕೆ ಮೂರು ಹೊತ್ತು ದೊಡ್ಡ ಚಮಚ ಕೊಡು. ಡಾಕ್ಟರತ್ರ ಹೇಳ್ಲಿಕ್ಕೆ ಹೋಗ್ಬೇಡ, ಅವರಿಗೆ ನಮ್ಮ ಮದ್ದು ಅಂದ್ರೆ ಆಗುದಿಲ್ಲ."

ನಮ್ಮಲ್ಲಿ ಬಾಣಂತಿಗಾಗಲಿ ಕಾಯಿಲೆಯವರಿಗಾಗಲಿ ಹಿರಿಯರು ಕೊಟ್ಟ ಮದ್ದನ್ನು ಪ್ರಶ್ನಿಸುವ ಪದ್ಧತಿಯಿಲ್ಲ. ಹನ್ನೊಂದು ದಿನ ತಪ್ಪದೆ ಕೊಟ್ಟೆ. ಬೆಳಗಿನದನ್ನು ಕಾಕಾ ಬರುವ ಮೊದಲೇ ಕುಡಿಸಿ ಲೋಟ ತೊಳೆದಿಡುತ್ತಿದ್ದೆ. ಅವರ ಬಾಯಿ ಯಾರಿಗೆ ಬೇಕು?

ಹನ್ನೆರಡನೆಯ ದಿನ ಅವರ ಮನೆಯ ನಲ್ಲಿಯಲ್ಲಿ ನೀರು ಬರಲಿಲ್ಲ. ಬಕೆಟ್ ಹಿಡಿದು ಏಳಕ್ಕೆ ಮುಂಚೆಯೇ ಬಂದರು. ನಾನು ಪುಡಿ ಕಲಸುತ್ತಿದ್ದೆ. ಲೋಟ ಮೂಸಿ ನೋಡಿದರು, ಬಾಟಲಿ ಎತ್ತಿ ನೋಡಿದರು, ಮಾತ್ರೆಯ ಚೀಟಿ ಓದಿದರು.

"ಡಾಕ್ಟರಿಗೆ ಗೊತ್ತದ ಏನು?"

ನಾನು ಚಮಚ ತೊಳೆಯಲು ತಿರುಗಿದೆ. ಅವರು ಬಾಟಲಿಯನ್ನು ಸಿಂಕಿನಲ್ಲಿ ಬೋರಲು ಹಾಕಿದರು. ಹಿಂದೆಯೇ ಲೋಟ.

"ಎಂತ ಮಾರಾಯ್ರೆ ಇದು! ನಮ್ಮ ಮನೆಯ ಬಾಟಲಿ ಮುಟ್ಟಲಿಕ್ಕೆ ನೀವು ಯಾರು? ಗಂಡ ಯಾರದ್ದು, ನಿಮ್ಮದಾ?"

"ಗಂಡ ನಿಮ್ಮಾಂವ. ಗಡ್ಡೀನ ಸಾಕ್ಲಿಕತ್ತವರೂ ನೀವ. ಕೂಡ್ರಿ. ಸಣ್ಣ ಮಕ್ಕಳಿಗೆ ಹೇಳಿದಂಗ ಹೇಳ್ತೀನಿ, ಅದಾದ್ರೂ ಹೊಗ್ತದೋ ನೋಡೋಣ."

ಕೂತೆ.

"ಪ್ರೋಟಾನ್ ಅಂದ್ರ ಹೈಡ್ರೋಜನ್ನಿನ ಅಯಾನು. ಎಕ್ಸ್‌ರೇ ಸ್ಲೋ ಲೋಕಲ್ ಗಾಡಿ ಇದ್ದಂಗ, ದಾರಿತುಂಬ ಮಂದಿನ್ನ, ಅಂದ್ರ ತನ್ನ ಶಕ್ತಿನ್ನ, ಇಳಿಸ್ಕೋತ ಹೋಗ್ತದ. ಇದು ಫಾಸ್ಟ್. ನಡುವ ಒಬ್ಬಿಬ್ಬರು ಇಳದಾರು, ಕಲ್ಯಾಣ ಸ್ಟೇಷನ್ನಿನ್ಯಾಗ ಇಡೀ ಗಾಡಿ ಖಾಲಿ, ಮುಂದ ಹೋಗೂದ ಇಲ್ಲ. ಆ ಕಲ್ಯಾಣ ಗಡ್ಡಿಯೊಳಗ ಬರೂ ಹಂಗ ಡಾಕ್ಟರು ಹೊಂದಿಸಿರ್ತಾರ. ಅಲ್ಲಿ ಇಳದ ಮಂದಿ ಏನ್ ಮಾಡ್ತಾರ? ಜೀವಕೋಶದಾಗ ಡಿಎನ್ಎ ಅನ್ನೂ ಏಣಿ ಅದ. ಒಂದು ಕಾಲು ಮುರದ್ರ ಇನ್ನೊಂದನ್ನ ನೋಡಿ ಮೈ ತಾನ ಜೋಡಿಸ್ಕೋತದ. ಎರಡೂ ಕಾಲು ಒಂದ ಕಡೆ ಮುರದ್ರ ಜೋಡಿಸ್ಲಿಕ್ಕೆ ಆಗೂದು ಕಠಿಣ. ಅಂಥಾ ಗಾಯ ಬಾಳ ಆದ್ವು ಅಂದ್ರ ಕೋಶ ಸಾಯ್ತದ."

"ಅದಕ್ಕೂ ನೆಲ್ಲಿಕಾಯಿಗೂ ಎಂತ ಸಂಬಂಧ?"

"ಏಣಿ ಮುರಿಯೂ ಕೆಲಸ ಎಲ್ಲಾ ಅಯಾನು ಒಂದ ಮಾಡೂದಿಲ್ಲ. ಮೈಯಾಗ ಇರೋದು ಬರೇ ನೀರು. ಹಾದಿಯಾಗ ನೀರಿನ ಕಣ ಒಡದು ತುಂಡಾಗ್ತದ. ಆ ತುಂಡು ಹಸದ ನಾಯಿ, ಎದುರಿಗೆ ಸಿಕ್ಕದ್ದನ್ನ ಕಚ್ಚತದ. ಕಣ್ಣು ಪಿಳಕಿಸೂದರ ಕೋಟಿಯೊಳಗ ಒಂದು ಪಾಲಿನಷ್ಟೂ ಅದರ ಆಯುಷ್ಯ ಇಲ್ಲ. ಅಷ್ಟರಾಗ ಅದು ಏಣಿ ಕಚ್ಚಬೇಕು. ನೀವು ದಿನಾ ಮೂರು ಹೊತ್ತು ಅದರ ಮುಂದ ನೆಲ್ಲಿಪುಡಿ ಅನ್ನೂ ಬಿಸ್ಕೀಟ್ ಒಗೀಲಿಕತ್ತೀರಿ! ಲ್ಯಾಬಿನ್ಯಾಗ ಕೋಶ ಬೆಳಸೂ ನನ್ನ ತಟ್ಟಿಗೆ ಇಂಥಾದ್ದು ಹಾಕಿದಾಗ ಸಾಯಬೇಕಾದ ಕೋಶ ಬದುಕತಿದ್ವು ವೈನಿ. ನಾನ ಎಣಿಸೇನಿ."

ಬಕೆಟ್ ತುಂಬಿಸಿಕೊಂಡು ಹೋದರು. ಪೇಪರು ಮುಟ್ಟಲಿಲ್ಲ.

ಅವತ್ತೇ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಸಾರಿಗೆ ಹಾಕುವ ಅರಶಿನ ಇರಲಿ, ಚಟ್ನಿಗೆ ನೆಲ್ಲಿಕಾಯಿ ಇರಲಿ, ಚಿಕಿತ್ಸೆ ಮುಗಿಯುವವರೆಗೆ ಪುಡಿ ಮಾತ್ರೆಗಳ ಭಾರೀ ಪ್ರಮಾಣ ಮಾತ್ರ ಬೇಡವೇ ಬೇಡ ಎಂದರು. ಕಾಕಾ ಹೇಳಿದ್ದು ಸರಿ ಎಂದಾಯಿತು. ಅದರಿಂದ ಅವರ ಮೇಲಿನ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಆದರೆ ಆ ಹನ್ನೊಂದು ದಿನ ನನ್ನನ್ನು ತಿನ್ನತೊಡಗಿದವು. ಅಕ್ಕನಿಗೆ ಫೋನ್ ಮಾಡಿದರೆ, "ಏನೂ ಆಗುದಿಲ್ಲ, ಸುಮ್ನಿರು" ಎಂದರು. ಡಾಕ್ಟರರೂ ಚಿಂತೆ ಮಾಡಬೇಡಿ ಎಂದರು. ಯಾರ ಸಮಾಧಾನವೂ ಒಳಗಿಳಿಯಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕೇಳಿದೆ, "ನಾನು ಕೊಟ್ಟದ್ದರಿಂದ ಹಾಳಾಯಿತಾ ಕಾಕಾ?"

ಏನಾದರೊಂದು ಚುಚ್ಚುತ್ತಾರೆ ಎಂದುಕೊಂಡಿದ್ದೆ.

"ಗೊತ್ತಿಲ್ಲರಿ. ಲ್ಯಾಬಿನ ತಟ್ಟಿ ಬ್ಯಾರೆ, ಮನಷಾ ಬ್ಯಾರೆ. ಯಾರಾರ ಗೊತ್ತದ ಅಂದ್ರ ಅಂವ ಸುಳ್ಳ ಹೇಳ್ತಾನ. ನಿಲ್ಲಿಸೀರಿ, ಅಷ್ಟ ನಿಮ್ಮ ಕೈಯಾಗ ಇತ್ತು."

ಆ ದಿನ ನಾನು ನಿದ್ದೆ ಮಾಡಿದೆ. ಸುಳ್ಳು ಹೇಳದ ಒಬ್ಬರಾದರೂ ಕಟ್ಟಡದಲ್ಲಿ ಇದ್ದಾರೆ ಎನ್ನುವುದು ಸಾಕಾಯಿತೋ ಏನೋ. ಮರುದಿನ ಬೆಳಿಗ್ಗೆ ಬಂದು ಚಹಾ ನೀರಾಗಿದೆ ಎಂದರು. ಎದ್ದು ಹೋಗಿ ನಿಮ್ಮ ಮನೆಯಲ್ಲಿ ಮಾಡಿಕೊಳ್ಳಿ ಎಂದೆ.

ಇವರ ಗಡ್ಡೆ ಬೆಳೆಯುವುದು ನಿಂತು ಎರಡು ವರ್ಷವಾಗುತ್ತ ಬಂತು. ಪ್ರತಿ ಸ್ಕ್ಯಾನಿನ ಹಿಂದಿನ ವಾರ ಆ ಹನ್ನೊಂದು ದಿನ ಈಗಲೂ ಬಂದು ಎದುರಿಗೆ ಕೂರುತ್ತವೆ. ಕಾಕಾ ಈ ಮಳೆಗಾಲ ಕುರ್ಚಿಯಲ್ಲಿ ಕೂತಲ್ಲೇ ಹೋದರು. ಕೆಳಗಿನ ಪ್ಯಾಸೇಜಿನಲ್ಲಿ ಕಟ್ಟಡದವರೆಲ್ಲ ಸೇರಿ, ಎಷ್ಟು ಪ್ರೀತಿಯ ಮನುಷ್ಯ, ಯಾರ ಮನಸ್ಸೂ ನೋಯಿಸಿದವರಲ್ಲ ಎಂದು ಮಾತಾಡಿಕೊಂಡರು. ನಾನು ಬಾಯಿ ಬಿಡಲಿಲ್ಲ. ಅಂಥ ಸುಳ್ಳನ್ನು ಅವರ ಹೆಣವೂ ಸಹಿಸುತ್ತಿರಲಿಲ್ಲ.

ಹೆಗಲು ಕೊಡಲು ನಾಲ್ಕನೆಯವರು ಬೇಕೆಂದಾಗ ಇವರು ಮುಂದೆ ಹೋದರು. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಕೂಗಿ ತಡೆಯಬೇಕೆಂದಿದ್ದೆ. ತಡೆಯಲಿಲ್ಲ. ಗೇಟು ದಾಟಿ, ರಸ್ತೆಯ ತಿರುವಿನವರೆಗೂ, ಇವರು ಹೆಗಲು ಬದಲಿಸದೆ ನಡೆದುಹೋದರು.