ಬೋರಜ್ಜನ ಸಂಚಿಕೆಗೆ ಗುರುತು ಹಾಕಿದ್ದು

ಗೆಳೆಯರೇ, ನನ್ನ ಪಾಡ್‌ಕಾಸ್ಟ್‌ನ ತಪ್ಪನ್ನು ಇವತ್ತು ಹಿಡಿದವರು ದೊಡ್ಡಉಳ್ಳಾರ್ತಿಯ ಕುರಿಗಾಹಿ ಬೋರಜ್ಜ. ಕುರಿ ಮೇಯುವ ಕಾವಲಿನ ಹುಲ್ಲಲ್ಲಿ ಕೂತು, ಕುರಿಗಳಿಗೆ ಕಿವಿಯ ಗುರುತು ಹಾಕುವ ಬಗ್ಗೆ ಅವರು ಮಾತಾಡಿದ್ದ ಸಂಚಿಕೆಗೆ ನಾನು ‘ಕಾವಲಿನ ಮೌನ’ ಎಂದು ಹೆಸರಿಟ್ಟಿದ್ದೆ. ಆ್ಯಪ್ ಅದನ್ನು ಧ್ಯಾನದ ಸಾಲಿಗೆ ಸೇರಿಸಿತ್ತು. ‘ಒಳ್ಳೆ ನಿದ್ದೆ ಬಂತು’ ಎಂದು ಯಾರೋ ಕಾಮೆಂಟ್ ಕೂಡ ಹಾಕಿದ್ದರು.

ಬೆಳಿಗ್ಗೆ ಚಳ್ಳಕೆರೆಯ ನನ್ನ ಮೊಬೈಲ್ ಅಂಗಡಿಗೆ ಬಂದವರೇ ಅಜ್ಜ ರೇಗಿದರು. “ಮೊಳಕಾಲ್ಮೂರಿನ ನಮ್ಮ ಬೀಗ್ರು ವಾರದಿಂದ ಹುಡುಕ್ತಾ ಅವ್ರೆ. ನನ್ನ ಹೆಸ್ರಿಲ್ಲ, ಊರ ಹೆಸ್ರಿಲ್ಲ, ಕುರಿ ಅನ್ನೋ ಮಾತೇ ಇಲ್ಲ. ಗುರುತು ಹಾಕ್ದೆ ಕುರೀನ ಕಾವಲಿಗೆ ಬಿಟ್ರೆ ಯಾರಿಗಪ್ಪ ಸಿಗ್ತೈತೆ?”

ನಿಜವೇ. ಅಲ್ಲೇ ಕೂತು ಹೆಸರು ಬದಲಿಸಿದೆ: ‘ದೊಡ್ಡಉಳ್ಳಾರ್ತಿ ಬೋರಜ್ಜ ಹೇಳಿದ ಕುರಿಯ ಗುರುತು’. ವಿವರಣೆಯಲ್ಲಿ ಟಗರು, ಕಂಬಳಿ, ಕಾವಲು ಎಲ್ಲ ಸೇರಿಸಿದೆ. ಬೀಗರ ಮನೆಯಲ್ಲಿ ತೆಲುಗೂ ನಡೆಯುತ್ತದೆಂದು ಅಜ್ಜ ಕುರಿಗೆ ‘ಗೊರ್ರೆ’ ಅಂತಲೂ ಬರೆಸಿದರು.

ಮಂಡಕ್ಕಿ ಮಿರ್ಚಿ ತಿಂದು, ಟೀ ಕುಡಿದು ಇಬ್ಬರೂ ಹಾಯಾಗಿ ಕೂತಿದ್ದಾಗ ಬೀಗರ ಫೋನ್ ಬಂತು. ಅಜ್ಜ ಹೆಮ್ಮೆಯಿಂದ ಸ್ಪೀಕರ್ ಹಾಕಿದರು.

“ಸಿಕ್ತು ಬೀಗ್ರೆ! ಎಲ್ಡು ಸಲ ಕೇಳಿದ್ವಿ. ನಾವು ನಿಮ್ಮತ್ರ ಮೇಯ್ಸಾಕೆ ಬಿಟ್ಟಿದ್ದ ಎಡಗಿವಿ ಸೀಳಿದ ಟಗರು ನಿಮ್ಮ ಕುರಿ ರೊಪ್ಪದಾಗೇ ಐತೆ ಅಂತ ಅದ್ರಾಗೆ ಅಂದೀರಿ. ಅದನ್ನ ತೋಳ ತಿಂತು ಅಂದಿದ್ರಲ್ರೀ?”

ಅಜ್ಜ ಫೋನನ್ನು ಅಂಗೈಯಲ್ಲಿ ಮುಚ್ಚಿ ನನ್ನ ಕಡೆ ಬಾಗಿದರು. “ಆ ಹಳೇ ಮೌನಾನೇ ವಾಪಸ್ ಹಾಕಿಬಿಡಪ್ಪ.”