ವಿಟಮಿನ್ ಡಿ ಎಂದು ಹೇಳಿದ ಮಾತ್ರೆ

ಈಜಿನ ಡಿಪ್ಲೊಮಾ ಅನ್ನುವುದು ಈ ಡಚ್ಚರ ದೇಶದ ಮಕ್ಕಳಿಗೆ ಒಂದು ಥರದ ಮುಂಜಿ. ಬಟ್ಟೆ, ಬೂಟು ಸಮೇತ ನೀರಿಗೆ ಹಾರಿ, ಈಜಿ, ದಡ ಹತ್ತಿ ತೋರಿಸಬೇಕು. ಮಗಳು ಅದನ್ನು ಪಾಸು ಮಾಡಿದ ದಿನ ನಾನು ಜೂಟರ್‌ಮೀರ್‌ನ ಈಜುಕೊಳದ ಬೆಂಚಿನ ಮೇಲೆ ಕೂತು, ಪಕ್ಕದವರು ಚಪ್ಪಾಳೆ ತಟ್ಟಿದಾಗ ತಟ್ಟಿದೆ, ಅವರು ನಿಲ್ಲಿಸಿದಾಗ ನಿಲ್ಲಿಸಿದೆ. ಹೆಂಡತಿ ಕಣ್ಣೊರೆಸಿಕೊಂಡಳು. ನನಗೆ ಏನೂ ಅನ್ನಿಸಲಿಲ್ಲ. ಸಂತೋಷವಾಗಲಿಲ್ಲವಲ್ಲ ಎಂಬ ಬೇಸರವೂ ಆಗಲಿಲ್ಲ. ಆರೇಳು ತಿಂಗಳಿಂದ ಹೀಗೇ ಇತ್ತು. ಟ್ರ್ಯಾಮ್ ಹಿಡಿದು ದ ಹೇಗ್‌ನ ಆಫೀಸಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಸಾರನ್ನ ಕಲಸಿಕೊಂಡು ಉಣ್ಣುತ್ತಿದ್ದೆ. ಉಪ್ಪು ಹಾಕಿಲ್ಲ ಎಂದು ಹೆಂಡತಿಯೇ ನೆನಪು ಮಾಡಿಕೊಂಡು ಹೇಳಬೇಕಿತ್ತು. ಮರುವಾರ ಮನೆಯಲ್ಲಿ ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದೆ.

ಇಲ್ಲಿನ ಡಾಕ್ಟರುಗಳು ಏನೇ ಹೇಳಿದರೂ ಪ್ಯಾರಾಸಿಟಮಾಲ್ ನುಂಗಿ ಎರಡು ವಾರ ಕಾಯಿರಿ ಎನ್ನುತ್ತಾರೆ ಎಂಬುದು ನಮ್ಮವರ ಖಾಯಂ ದೂರು. ನನಗೂ ಅಷ್ಟೇ ಸಿಗುತ್ತದೆ ಎಂದುಕೊಂಡಿದ್ದೆ. ಈ ಡಾಕ್ಟರಮ್ಮ ಕೂರಿಸಿಕೊಂಡು ಪೂರ್ತಿ ಕೇಳಿಸಿಕೊಂಡರು. ಎರಡು ಮೂರು ಭೇಟಿಯಾದ ಮೇಲೆ ಖಿನ್ನತೆ ಎಂದರು, ಮಾತ್ರೆ ಬರೆದರು. ಆಮೇಲೆ ನಿಮ್ಮ ಅಪೊಥೇಕ್ ಯಾವುದು ಎಂದು ಕೇಳಿದರು.

ಮೆಡಿಕಲ್ ಶಾಪಿಗೆ ಇಲ್ಲಿ ಅಪೊಥೇಕ್ ಎನ್ನುತ್ತಾರೆ. ಮೊದಲೇ ಯಾವುದಾದರೊಂದರಲ್ಲಿ ಹೆಸರು ಬರೆಸಿರಬೇಕು. ಡಾಕ್ಟರು ಚೀಟಿಯನ್ನು ಕಂಪ್ಯೂಟರಿನಲ್ಲೇ ಅಲ್ಲಿಗೆ ಕಳಿಸುತ್ತಾರೆ. ನಾಲ್ಕು ವರ್ಷದಿಂದ ಇಲ್ಲಿದ್ದರೂ ನನಗೆ ಅಪೊಥೇಕ್ ಇರಲಿಲ್ಲ. ಊರಿಗೆ ಹೋದಾಗಲೆಲ್ಲ ಜ್ವರದಿಂದ ಹಿಡಿದು ಭೇದಿಯವರೆಗೆ ಎಲ್ಲದಕ್ಕೂ ಸೂಟ್‌ಕೇಸಿನಲ್ಲಿ ಸ್ಟ್ರಿಪ್ ತುಂಬಿಕೊಂಡು ಬರುವವರು ನಾವು. ಒಂದು ಮನೆಯಲ್ಲಿ ಮುಗಿದರೆ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರಾಯಿತು, ಅರ್ಧ ಗಂಟೆಯೊಳಗೆ ಇನ್ನೊಂದು ಮನೆಯಿಂದ ಬರುತ್ತದೆ. ಈ ಮಾತ್ರೆಯನ್ನು ಮಾತ್ರ ಹಾಗೆ ಕೇಳುವಂತಿರಲಿಲ್ಲ.

ನಮ್ಮ ಬಡಾವಣೆಯ ಅಪೊಥೇಕ್ ಸೂಪರ್‌ಮಾರ್ಕೆಟ್ಟಿನ ಪಕ್ಕದಲ್ಲೇ ಇದೆ. ಸರದಿಯಲ್ಲಿ ನಿಂತವರು ಕೌಂಟರಿನಿಂದ ದೂರವಿರಲಿ ಎಂದು ನೆಲಕ್ಕೆ ಗೆರೆ ಹಾಕಿದ್ದಾರೆ. ಗೆರೆ ನಮ್ಮವರ ಕಾಲನ್ನು ತಡೆಯಬಹುದು, ಕಿವಿಯನ್ನಲ್ಲ. ಮೈಸೂರಿನಲ್ಲಿ ನಾನು ಸ್ಕೂಲಿನಲ್ಲಿದ್ದಾಗ ಬೀದಿ ಕೊನೆಯ ಮೆಡಿಕಲ್ ಶಾಪಿನವರು, "ನಿಮ್ ಚಿಕ್ಕಪ್ಪನ ತಲೆ ಮಾತ್ರೆ ಬಂದಿದೆ, ಹೇಳ್ಬಿಡಪ್ಪಾ" ಎಂದು ರಸ್ತೆಯ ಆಚೆಯಿಂದ ಕೂಗಿದ್ದರು. ಕೆಟ್ಟ ಮನುಷ್ಯರಲ್ಲ, ಉಪಕಾರಕ್ಕೇ ಹೇಳಿದ್ದು. ತಲೆ ಕೆಟ್ಟವನೆಂದು ಬೀದಿಗೆಲ್ಲ ಹಬ್ಬಿ, ಚಿಕ್ಕಪ್ಪನಿಗೆ ಕೊನೆಗೂ ಮದುವೆಯಾಗಲಿಲ್ಲ. ಹಾಗಾಗಿ ನಾನು ಮ್ಯಾಪಿನಲ್ಲಿ ಹುಡುಕಿ, ಐದು ಟ್ರ್ಯಾಮ್ ಸ್ಟಾಪ್ ಆಚೆ ನಮ್ಮವರು ಯಾರೂ ಇಲ್ಲದ ಕಡೆ ಹೆಸರು ಬರೆಸಿದೆ. ನನ್ನ ಮಾತ್ರೆಯ ವಿಷಯ ಯಾರಿಗೂ, ಮುಖ್ಯವಾಗಿ ಮನೆಯವರಿಗೆ, ಗೊತ್ತಾಗಬಾರದಿತ್ತು.

ಮೊದಲ ದಿನ ತಪ್ಪಿ ಪಕ್ಕದ ಅಂಗಡಿಗೆ ನುಗ್ಗಿದೆ. ಅಲ್ಲಿ ಶಾಂಪೂ, ಕೆಮ್ಮಿನ ಸಿರಪ್ಪು ಬಿಟ್ಟರೆ ಬೇರೆ ಮದ್ದಿರಲಿಲ್ಲ. ಸರಿಯಾದ ಬಾಗಿಲಲ್ಲಿ ನಂಬರಿನ ಚೀಟಿ ತೆಗೆದುಕೊಂಡು ಕೂತೆ. ಕೌಂಟರಿನ ಹೆಂಗಸು ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದರು: ಬೆಳಿಗ್ಗೆ ಒಂದು, ಮೊದಲ ವಾರಗಳಲ್ಲಿ ಇನ್ನೂ ಕಷ್ಟವೆನಿಸಬಹುದು, ನೀವಾಗಿಯೇ ನಿಲ್ಲಿಸಬೇಡಿ. ಎಲ್ಲದಕ್ಕೂ ಸರಿ ಎಂದೆ. ಬೇರೆಯವರ ಮಾತ್ರೆ ಒಯ್ಯಲು ಬಂದವನ ಹಾಗೆ ನಿಂತಿದ್ದೆ.

ಮನೆಯಲ್ಲಿ ವಿಟಮಿನ್ ಡಿ ಎಂದೆ. ಬಿಸಿಲಿಲ್ಲದ ಈ ಊರಿನಲ್ಲಿ ಅದನ್ನು ನುಂಗದ ಕನ್ನಡದವರಿಲ್ಲ. ಹೆಂಡತಿ ತಲೆ ಎತ್ತಿಯೂ ನೋಡಲಿಲ್ಲ. ಮುಚ್ಚಿಟ್ಟರೆ ಸಂಶಯ ಬರುತ್ತದೆಂದು ಡಬ್ಬಿಯನ್ನು ಮೈಕ್ರೋವೇವ್ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಅದರ ಮೇಲಿನ ಬರಹವೂ ಒಳಗಿನ ಕಾಗದವೂ ಡಚ್ಚಿನಲ್ಲಿದ್ದವು. ಹೂಫ್‌ಡಾರ್ಪ್‌ನ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ದಿನ ಕಳೆಯುವ ನನ್ನ ಹೆಂಡತಿಗೆ ಡಚ್ ಬರುವುದಿಲ್ಲ, ನನಗೂ ಬರುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಕಾರ್ನ್‌ಫ್ಲೇಕ್ಸ್ ಡಬ್ಬಿಯ ಬೆನ್ನನ್ನೂ ಬಿಡದೆ ಓದುವ ಎಂಟು ವರ್ಷದವಳೊಬ್ಬಳು ಮನೆಯಲ್ಲಿದ್ದಾಳೆ, ಅವಳು ಹೋಗುವುದು ಡಚ್ ಶಾಲೆಗೆ ಎಂಬುದು ನನ್ನ ತಲೆಗೇ ಬರಲಿಲ್ಲ.

ಫೆಬ್ರವರಿಯಲ್ಲಿ ಅತ್ತೆ ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದರು. ಮೂರನೆಯ ವಾರಕ್ಕೆ ಮಂಡಿ ಹಿಡಿದುಕೊಂಡಿತು. ಒಂದು ಶನಿವಾರ ತಿಂಡಿಯ ಹೊತ್ತಿಗೆ ನಾನು ಮಾತ್ರೆ ತೆಗೆಯುವುದನ್ನು ನೋಡಿ, "ಈ ಊರಲ್ಲಿ ಸೂರ್ಯನ್ನೇ ನೋಡಿಲ್ಲ. ನಂಗೂ ಒಂದ್ ಕೊಡಿ ಅಳಿಯಂದ್ರೆ" ಎಂದರು.

"ಕೊಡಿ ಅಮ್ಮಂಗೆ, ವಿಟಮಿನ್ ತಾನೇ" ಎಂದಳು ಹೆಂಡತಿ, ದೋಸೆ ಮಗುಚುತ್ತಾ.

ಏನಾದರೂ ನೆಪ ಹೇಳಬಹುದಿತ್ತು. ಒಂದೂ ಹೊಳೆಯಲಿಲ್ಲ, ಹುಡುಕಲೂ ಇಲ್ಲ. ಒಂದು ಮಾತ್ರೆಯಿಂದ ಏನಾಗುತ್ತದೆ ಎಂದುಕೊಂಡು ಸ್ಟ್ರಿಪ್ ಒತ್ತಿ, ಬಿಪಿಗೆ ಔಷಧಿ ತೆಗೆದುಕೊಳ್ಳುವ ಆ ಹಿರಿಯರ ಅಂಗೈಗೆ ನನ್ನ ಮಾತ್ರೆಯನ್ನು ಹಾಕಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಆಗ ಅದೂ ಆಗಲಿಲ್ಲ.

ಮಗಳು ಕುರ್ಚಿಯಿಂದಿಳಿದು ಬಂದು ಅಜ್ಜಿಯ ಕೈಯಿಂದ ಮಾತ್ರೆ ಎತ್ತಿಕೊಂಡಳು. "ನೋ ಅಜ್ಜಿ. ಇದು ವಿಟಮಿನ್ ಡಿ ಅಲ್ಲ. ತುಂಬಾ ಸ್ಯಾಡ್ ಇರೋರಿಗೆ ಕೊಡೋದು. ಒಳಗಿನ ಪೇಪರಲ್ಲಿ ಬರ್ದಿದೆ." ಹೇಳುವಾಗ ಅಜ್ಜಿಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದವನು ನಾನು, ಹೆದರಿದ್ದು ಅವಳು.

ಹೆಂಡತಿ ಸ್ಟವ್ ಆರಿಸಿದಳು. "ನಂಗೂ ಹೇಳ್ಲಿಲ್ವಲ್ಲ" ಎಂದಳು. ಅತ್ತೆ ಖಾಲಿಯಾದ ಕೈಯಿಂದ ದೋಸೆಯ ತಟ್ಟೆಯನ್ನು ನನ್ನ ಕಡೆ ಸರಿಸಿ, "ಮೊದ್ಲು ತಿಂಡಿ ತಿನ್ನಿ, ಬರೀ ಹೊಟ್ಟೇಲಿ ನುಂಗ್ಬೇಡಿ" ಎಂದರು. ತಲೆ ಮಾತ್ರೆ ಎಂದು ಅವರು ಅನ್ನಲಿಲ್ಲ. ನಾನು ಅಷ್ಟು ದಿನ ಹೆದರಿದ್ದು ಅದೊಂದಕ್ಕೇ.

ಬುಧವಾರ ಶಾಲೆ ಅರ್ಧ ದಿನ. ಮುಂದಿನ ಮಾತ್ರೆ ತರಲು ಹೊರಟಾಗ ಮಗಳು ತಾನೂ ಬರುತ್ತೇನೆಂದಳು. ಅಪೊಥೇಕ್‌ನಲ್ಲಿ ನಂಬರಿನ ಚೀಟಿ ಅವಳೇ ತೆಗೆದಳು, ಗೆರೆ ದಾಟದೆ ನಿಂತಳು. ವಾಪಸು ಬರುವಾಗ ಟ್ರ್ಯಾಮಿನಲ್ಲಿ ಕೇಳಿದೆ, "ಯಾವಾಗ ಓದಿದೆ ಪುಟ್ಟಿ?"

"ತಂದ ದಿನಾನೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಮಡಿಲಲ್ಲಿದ್ದ ಔಷಧಿಯ ಪೊಟ್ಟಣವನ್ನು ಸರಿಮಾಡಿಕೊಂಡಳು. "ನಿಂಗೆ ಡಚ್ ಬರಲ್ವಲ್ಲಪ್ಪಾ. ಡಾಕ್ಟರು ನಿಂಗೆ ವಿಟಮಿನ್ ಡಿ ಅಂತ ಹೇಳಿ ಇದನ್ನ ಕೊಟ್ಟಿದಾರೆ ಅನ್ಕೊಂಡೆ. ಗೊತ್ತಾದ್ರೆ ನೀನು ಇನ್ನೂ ಸ್ಯಾಡ್ ಆಗ್ತೀಯ. ಅದಕ್ಕೆ ಯಾರ್ಗೂ ಹೇಳ್ಲಿಲ್ಲ. ಅಮ್ಮಂಗೂ."

ನಾಲ್ಕು ತಿಂಗಳು ದಿನಾ ಬೆಳಿಗ್ಗೆ ನನ್ನೆದುರು ಕೂತು ಕಾರ್ನ್‌ಫ್ಲೇಕ್ಸ್ ತಿಂದಿದ್ದಳು.

"ನಂಗೆ ಗೊತ್ತಿತ್ತು ಕಂದಾ" ಎಂದೆ. "ಮೊದಲಿಂದ್ಲೂ ಗೊತ್ತಿತ್ತು."

ಅವಳು ನನ್ನ ಕಡೆ ತಿರುಗಿದಳು. "ಹಾಗಾದ್ರೆ ಸುಳ್ಳು ಹೇಳಿದ್ದು ಡಾಕ್ಟರಲ್ಲ. ನೀನೇ."

ಹೌದು ಎಂದೆ. ಅವಳು ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿ ಕೂತಳು. ಇಳಿಯುವ ಸ್ಟಾಪ್ ಬರುವವರೆಗೂ ಈ ಕಡೆ ತಿರುಗಲಿಲ್ಲ. ಎಷ್ಟೋ ತಿಂಗಳ ಮೇಲೆ ನನಗೆ ನೋವಾಗಿತ್ತು.